ಹಾಡು ಯಾರ ಬಾಗಿಲಿಗೆ ಹೋಯಿತು? ಹೋರಾಟದ ಬ್ಯಾಂಡುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ನಾವು ಏಳು ಮಂದಿ ಸೇರಿ ಹೋರಾಟದ ಹಾಡು ಹಾಡುತ್ತೇವೆ. ಒಂದು ಹಾರ್ಮೋನಿಯಂ, ಎರಡು ಹಲಗಿ, ಒಂದು ಗಿಟಾರ್, ಉಳಿದಿದ್ದು ಗಂಟಲು. ಜೊತೆಗೆ ಭಾನುವಾರ ಸಂಜೆ ಒಟ್ಟಿಗೆ ಕೂತು ಬೇರೆ ಬೇರೆ ದೇಶದ ಬ್ಯಾಂಡುಗಳನ್ನು ಕೇಳುತ್ತೇವೆ, ಅವರ ಹಿನ್ನೆಲೆ ಓದುತ್ತೇವೆ. ನರಗುಂದ, ನವಲಗುಂದ, ರಾಣೆಬೆನ್ನೂರು, ಗದಗ, ಎಲ್ಲಿಗೆ ಹೋದರೂ ಹಾಡು ಮುಗಿದು ಚಹಾ ಬರುವ ಹೊತ್ತಿಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ನಿಂತಲ್ಲೇ ಕೊಟ್ಟ ಉತ್ತರ ಅರ್ಧಕ್ಕೆ ನಿಲ್ಲುತ್ತದೆ. ಆ ಕಾರಣಕ್ಕೆ ಇಲ್ಲಿ ಪೂರ್ತಿ ಬರೆದಿಟ್ಟಿದ್ದೇನೆ.

"ಬ್ಯಾಂಡ್ ಅಂದ್ರ ಮದುವಿ ಬ್ಯಾಂಡೇನ್ರಿ ಅಕ್ಕಾರ?"

ನಮ್ಮ ಕಡೆ ಬ್ಯಾಂಡ್ ಅಂದರೆ ಮೊದಲು ಕಣ್ಣಿಗೆ ಬರುವುದು ಕೆಂಪು ಕೋಟು ಹಾಕಿಕೊಂಡು ಮದುವೆ ಮೆರವಣಿಗೆಯ ಮುಂದೆ ಊದುವವರು. ಇಲ್ಲಿ ಹೇಳುತ್ತಿರುವುದು ಒಟ್ಟಿಗೆ ಹಾಡು ಕಟ್ಟಿ, ಒಟ್ಟಿಗೆ ಹಾಡುವ ತಂಡ. ಅದಕ್ಕೆ ನಮ್ಮ ಹಳೆಯ ಮಾತು ಮೇಳ. ಗೀಗೀ ಮೇಳವನ್ನೇ ನೋಡಿ: ಒಬ್ಬರು ದಪ್ಪು ಹಿಡಿದು ಮುಂದೆ ಹಾಡುತ್ತಾರೆ, ತುಂತುಣಿ ಮತ್ತು ತಾಳ ಹಿಡಿದವರು ಹಿಂದಿನಿಂದ "ಗೀಗೀ" ಎಂದು ಸೊಲ್ಲು ಎತ್ತಿಕೊಳ್ಳುತ್ತಾರೆ. ಮುಂದಿನವರ ಮಾತು ಹಿಂದಿನವರ ಬಾಯಲ್ಲಿ ಊರಿನ ಮಾತಾಗುತ್ತದೆ. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಈ ಮೇಳಗಳು ಹಳ್ಳಿಹಳ್ಳಿಗೆ ಚಳವಳಿಯ ಸುದ್ದಿ ಒಯ್ದವು. ಓದು ಬಾರದವರಿಗೆ ಪತ್ರಿಕೆಯೂ ಅದೇ, ಸಭೆಯೂ ಅದೇ.

ಸಿಟ್ಟಿನ ಹಾಡಿಗೂ ಪ್ರತಿಭಟನೆಯ ಹಾಡಿಗೂ ಏನು ವ್ಯತ್ಯಾಸ?

ಸಿಟ್ಟಿನ ಹಾಡನ್ನು ಬಾಗಿಲು ಹಾಕಿಕೊಂಡು ಮನೆಯಲ್ಲೂ ಹಾಡಬಹುದು. ಪ್ರತಿಭಟನೆಯ ಹಾಡಿಗೆ ವಿಳಾಸ ಇರುತ್ತದೆ. ಅದು ಒಬ್ಬರ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಯಾವ ಬ್ಯಾಂಡನ್ನು ಕೇಳುವಾಗಲೂ ನಾನು ಮೊದಲು ಹುಡುಕುವುದು ಇದನ್ನೇ: ಯಾರಿಗೆ ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳಿದರು, ಹೇಳಿದ್ದಕ್ಕೆ ಏನು ಬೆಲೆ ತೆತ್ತರು.

ಮಿಡ್‌ನೈಟ್ ಆಯಿಲ್ ಆಸ್ಟ್ರೇಲಿಯಾದ ಬ್ಯಾಂಡ್. ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲದ ಬಗ್ಗೆ 1987ರಲ್ಲಿ ಅವರು ಹಾಡಿದ ಹಾಡು ಜಗತ್ತಿನ ತುಂಬ ಓಡಾಡಿತು. ಆ ದೇಶದಲ್ಲಿ ಸರ್ಕಾರವೇ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರ ಮಡಿಲಿನಿಂದ ಎತ್ತಿಕೊಂಡು ಹೋಗಿತ್ತು. ಅದಕ್ಕೆ ದೇಶದ ಪರವಾಗಿ ಕ್ಷಮೆ ಕೇಳಲು ಆಗಿನ ಪ್ರಧಾನಿ ಜಾನ್ ಹೋವರ್ಡ್ ಒಪ್ಪಿರಲಿಲ್ಲ. 2000ದ ಅಕ್ಟೋಬರ್ 1ರಂದು ಸಿಡ್ನಿ ಒಲಿಂಪಿಕ್ಸ್‌ನ ಕೊನೆಯ ಸಮಾರಂಭ. ಪ್ರಧಾನಿ ಅಲ್ಲೇ ಕೂತಿದ್ದಾರೆ, ಇಡೀ ಜಗತ್ತು ಟಿವಿ ನೋಡುತ್ತಿದೆ. ಬ್ಯಾಂಡಿನವರು ಕರಿ ಬಟ್ಟೆ ತೊಟ್ಟು ವೇದಿಕೆ ಹತ್ತಿದರು. ಬಟ್ಟೆಯ ಮೇಲೆಲ್ಲ ಒಂದೇ ಮಾತು: ಸಾರಿ, ಅಂದರೆ ಕ್ಷಮಿಸಿ. ಭಾಷಣ ಮಾಡಲಿಲ್ಲ, ಯಾರ ಹೆಸರನ್ನೂ ಎತ್ತಲಿಲ್ಲ. ಹದಿಮೂರು ವರ್ಷ ಹಾಡಿದ್ದ ಅದೇ ಹಾಡನ್ನು ಹಾಡಿದರು. ಆ ದಿನ ಅದು ಸರಿಯಾದ ಬಾಗಿಲಿಗೆ ಮುಟ್ಟಿತು. 2008ರ ಫೆಬ್ರುವರಿ 13ರಂದು ಹೊಸ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿದಾಗ, ಆ ಬ್ಯಾಂಡಿನ ಹಾಡುಗಾರ ಪೀಟರ್ ಗ್ಯಾರೆಟ್ ಅದೇ ಸರ್ಕಾರದಲ್ಲಿ ಮಂತ್ರಿಯಾಗಿದ್ದರು. ಹಾಡಿದ್ದರಿಂದಲೇ ಕ್ಷಮೆ ಬಂತು ಎಂದು ನಾನು ಹೇಳುವುದಿಲ್ಲ. ಹಾಡಿದವರು ಹಾಡಿ ಮನೆಗೆ ಹೋಗಲಿಲ್ಲ ಎಂದು ಹೇಳುತ್ತೇನೆ.

ಇದೆಲ್ಲ ಹೊರದೇಶದ ಫ್ಯಾಷನ್ ಅಲ್ಲವೇ? ನಮ್ಮ ಮಣ್ಣಿನಲ್ಲಿ ಇಂಥದ್ದು ಎಲ್ಲಿದೆ?

ಹತ್ತನೇ ಇಯತ್ತೆಯಲ್ಲಿ ಹಲಗಲಿ ಬೇಡರ ಲಾವಣಿ ಓದಿದ್ದು ನೆನಪಿದೆಯೇ? ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತವರು ಇನ್ನೊಮ್ಮೆ ತೆಗೆದು ನೋಡಿ. 1857ರಲ್ಲಿ ಕಂಪನಿ ಸರ್ಕಾರ ಜನರ ಹತಾರಗಳನ್ನು ಒಪ್ಪಿಸಬೇಕೆಂದು ಕಾಯಿದೆ ಹೊರಡಿಸಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೆ ಹಾಕಿದರು.

ಆ ಲಾವಣಿಯಲ್ಲಿ ನನ್ನನ್ನು ಪ್ರತಿ ಸಲ ಅಲ್ಲಾಡಿಸುವುದು ಕಾಳಗದ ಭಾಗ ಅಲ್ಲ. ದಂಡಿನವರು ಊರು ಹೊಕ್ಕು ಏನೇನು ದೋಚಿದರು ಎಂಬ ಪಟ್ಟಿ. ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿಣ, ಜೀರಿಗೆ, ಬೆಲ್ಲ, ಕೊನೆಗೆ ಬೀಸುವ ಕಲ್ಲನ್ನೂ ಮಂಗಳಸೂತ್ರವನ್ನೂ ಬಿಡಲಿಲ್ಲ. ಸರ್ಕಾರಿ ದಾಖಲೆಯಲ್ಲಿ ಬಂಡಾಯ ಅಡಗಿಸಿದ ವರದಿ ಇರುತ್ತದೆ. ಯಾರ ಮನೆಯ ಜೀರಿಗೆ ಹೋಯಿತು ಎಂದು ಇರುವುದಿಲ್ಲ. ಆ ಜೀರಿಗೆಯ ಲೆಕ್ಕ ಇಟ್ಟವನು ಹಾಡುಗಾರ. ಲಾವಣಿಯ ಕೊನೆಗೆ ಅವನು ನೆನೆಯುವುದು ಕುರ್ತಕೋಟಿಯ ಕಲ್ಮೇಶನನ್ನು. ಕುರ್ತಕೋಟಿ ನಮ್ಮ ಗದಗ ತಾಲೂಕಿನ ಊರು. ಅಲ್ಲಿನ ದೇವರ ಹೆಸರಿನಲ್ಲಿ ಕಟ್ಟಿದ ಹಾಡು ಹಲಗಲಿಯ ನೋವನ್ನು ನೂರಾರು ಊರಿಗೆ ಮುಟ್ಟಿಸಿತು.

ಇದನ್ನು ಮೊದಲು ಸಂಗ್ರಹಿಸಿ ಅಚ್ಚು ಹಾಕಿಸಿದ್ದು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ, 1880ರ ದಶಕದಲ್ಲಿ. ಸಂಗೊಳ್ಳಿ ರಾಯಣ್ಣನ ಲಾವಣಿಯೂ, ಇನ್‌ಕಮ್ ಟ್ಯಾಕ್ಸ್ ಬಂದಾಗ ಜನ ಕಟ್ಟಿದ ಲಾವಣಿಯೂ ಅವನ ಸಂಗ್ರಹದಲ್ಲಿವೆ. ಇನ್‌ಕಮ್ ಟ್ಯಾಕ್ಸ್ ಮೇಲೂ ಹಾಡು ಕಟ್ಟಿದ ಸೀಮೆ ನಮ್ಮದು. ಹೊರದೇಶದ ಫ್ಯಾಷನ್ ಎಂಬ ಮಾತು ಇಲ್ಲಿಗೇ ಬಿಡಬಹುದು.

ಧಾರವಾಡದವರಿಗೆ ಇನ್ನೊಂದು ನೆನಪು ಮಾಡಿಕೊಡಬೇಕು. ಸಾಧನಕೇರಿಯ ಕವಿ ಬೇಂದ್ರೆ ಎಂದರೆ ಶ್ರಾವಣ, ಮಳೆ, ಒಲವು ಎಂದೇ ಹೇಳುತ್ತೇವೆ. ಅದೇ ಬೇಂದ್ರೆಯವರನ್ನು ಬ್ರಿಟಿಷ್ ಸರ್ಕಾರ 1932ರಲ್ಲಿ "ನರಬಲಿ" ಕವಿತೆಗಾಗಿ ಹಿಂಡಲಗಾ ಜೈಲಿಗೆ ಕಳಿಸಿತು. ಆಮೇಲೆ ಮುಗದದಲ್ಲಿ ನಜರಬಂದಿ. ಬಾಗಿಲಿಗೆ ಹೋದ ಕವಿತೆಗೆ ಸಿಕ್ಕ ಉತ್ತರ ಅದು.

ಶಿಶುನಾಳ ಶರೀಫರನ್ನೂ ಈ ಸಾಲಿಗೆ ಸೇರಿಸಿ ಎಂದು ಹಾವೇರಿ ಕಡೆಯವರು ಯಾವಾಗಲೂ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯನಾಗಿ ಬದುಕಿದ ಆ ಬಾಳೇ ದೊಡ್ಡ ಪ್ರತಿಭಟನೆ ಎನ್ನುವುದು ಸರಿ. ಆದರೆ ಅವರ ಹಾಡು ಹೆಚ್ಚಾಗಿ ಬಡಿಯುವುದು ಕೇಳುವವರ ಒಳಗಿನ ಬಾಗಿಲನ್ನು. ತಹಶೀಲ್ದಾರರ ಬಾಗಿಲಿಗೆ ಅದನ್ನು ಎಳೆದು ತಂದರೆ ಹಾಡು ಸಣ್ಣದಾಗುತ್ತದೆ.

ಟೀ ಶರ್ಟ್ ಮೇಲೆ ಕಾಣುವ "ರೇಜ್ ಅಗೇನ್‌ಸ್ಟ್ ದ ಮಷೀನ್" ಯಾರು? ಅವರ ಸಿಟ್ಟು ಯಾವ ಮಷೀನಿನ ಮೇಲೆ?

ವಿದ್ಯಾನಗರದ ಕಾಲೇಜು ಹುಡುಗರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಲಾಸ್ ಏಂಜಲೀಸ್‌ನಲ್ಲಿ 1991ರಲ್ಲಿ ಸೇರಿದ ನಾಲ್ವರ ತಂಡ. ಹಾಡುವವರು ಝ್ಯಾಕ್ ಡಿ ಲಾ ರೋಚಾ, ಗಿಟಾರ್ ಟಾಮ್ ಮೊರೆಲ್ಲೊ. ಮೊರೆಲ್ಲೊ ಹಾರ್ವರ್ಡ್‌ನಲ್ಲಿ ಸಮಾಜ ಅಧ್ಯಯನ ಓದಿದವರು. ತಂದೆ ಕೀನ್ಯಾ ದೇಶದ ರಾಜತಾಂತ್ರಿಕ. ಮಷೀನ್ ಅಂದರೆ ಗಿರಣಿಯ ಯಂತ್ರ ಅಲ್ಲ. ಪೊಲೀಸು, ಸೈನ್ಯ, ದುಡ್ಡು, ಟಿವಿ ಎಲ್ಲ ಒಂದಕ್ಕೊಂದು ಹಲ್ಲು ಕೂಡಿಸಿ ತಿರುಗುವ ವ್ಯವಸ್ಥೆ.

ಅವರ ಮೊದಲ ಆಲ್ಬಂ ಬಂದದ್ದು 1992ರ ನವೆಂಬರ್‌ನಲ್ಲಿ. ಅದರ ಹಿಂದಿನ ವರ್ಷ, ಮಾರ್ಚ್ 3ರಂದು, ರಾಡ್ನಿ ಕಿಂಗ್ ಎಂಬ ಕರಿಯ ಮನುಷ್ಯನನ್ನು ಅದೇ ಊರಿನ ಪೊಲೀಸರು ರಸ್ತೆಯಲ್ಲಿ ಕೆಡವಿ ಬಡಿದಿದ್ದರು. ಪಕ್ಕದ ಮನೆಯವನೊಬ್ಬ ವಿಡಿಯೊ ತೆಗೆದಿದ್ದ, ದೇಶವೆಲ್ಲ ನೋಡಿತು. ಆದರೂ 1992ರ ಏಪ್ರಿಲ್ 29ರಂದು ಜ್ಯೂರಿ ಆ ಪೊಲೀಸರನ್ನು ಬಿಟ್ಟಿತು, ಊರು ಹೊತ್ತಿ ಉರಿಯಿತು. "ಕಿಲ್ಲಿಂಗ್ ಇನ್ ದ ನೇಮ್" ಈ ಹವೆಯಲ್ಲಿ ಹುಟ್ಟಿದ ಹಾಡು. ಖಾಕಿ ತೊಟ್ಟ ಕೆಲವರೇ ರಾತ್ರಿ ಕರಿಯರ ಮನೆ ಮುಂದೆ ಶಿಲುಬೆ ಸುಡುವ ಗುಂಪಿನಲ್ಲೂ ಇರುತ್ತಾರೆ ಎಂದು ಅದು ನೇರವಾಗಿ ಹೇಳುತ್ತದೆ. ಕೊನೆಗೆ "ನೀನು ಹೇಳಿದ್ದನ್ನು ನಾನು ಮಾಡುವುದಿಲ್ಲ" ಎಂಬ ಅರ್ಥದ ಒಂದೇ ಸಾಲು, ಮೊದಲು ಪಿಸುಮಾತಿನಲ್ಲಿ, ಆಮೇಲೆ ಏರುತ್ತ ಏರುತ್ತ ಕೂಗಾಗುತ್ತದೆ. ಅದರಲ್ಲಿ ಬೈಗುಳವೂ ಇದೆ. ನಮ್ಮ ಹುಡುಗರಿಗೆ ಬೈಗುಳವೇ ಮೊದಲು ಕಿವಿಗೆ ಬೀಳುತ್ತದೆ. ಬೈಗುಳ ತೆಗೆದು ಉಳಿದದ್ದನ್ನು ಕೇಳಿ ಎನ್ನುತ್ತೇನೆ. ಹಲಗಲಿಯವರು ಹತಾರ ಕೊಡೆವು ಎಂದಾಗ ಆಡಿದ ಮಾತೇ ಅದು.

ಆಲ್ಬಂನ ಹೊದಿಕೆಯ ಚಿತ್ರವನ್ನು ಟೀ ಶರ್ಟ್ ಕೊಳ್ಳುವ ಮೊದಲು ತಿಳಿದುಕೊಳ್ಳಿ. 1963ರ ಜೂನ್ 11ರಂದು ವಿಯೆಟ್ನಾಂನ ಸೈಗಾನ್‌ನಲ್ಲಿ ತಿಕ್ ಕ್ವಾಂಗ್ ಡುಕ್ ಎಂಬ ಬೌದ್ಧ ಭಿಕ್ಷು, ಸರ್ಕಾರ ಬೌದ್ಧರನ್ನು ಹಿಂಸಿಸುವುದನ್ನು ವಿರೋಧಿಸಿ, ನಡುರಸ್ತೆಯಲ್ಲಿ ಪದ್ಮಾಸನ ಹಾಕಿ ಕೂತು ಬೆಂಕಿಗೆ ಮೈ ಕೊಟ್ಟರು. ಚಿತ್ರ ತೆಗೆದವರು ಮಾಲ್ಕಮ್ ಬ್ರೌನ್. ಅಂಗಿಯ ಮೇಲೆ ಅಂದಕ್ಕೆಂದು ಹಾಕಿಕೊಳ್ಳುವ ಚಿತ್ರ ಅದಲ್ಲ.

2000ದ ಜನವರಿ 26ರಂದು ಅವರು ನ್ಯೂಯಾರ್ಕ್‌ನ ವಾಲ್ ಸ್ಟ್ರೀಟ್‌ನಲ್ಲಿ, ಷೇರು ಪೇಟೆಯ ಎದುರಿನ ಮೆಟ್ಟಿಲ ಮೇಲೆ ನಿಂತು ಹಾಡಿದರು. ಚಿತ್ರೀಕರಣ ಮಾಡುತ್ತಿದ್ದ ನಿರ್ದೇಶಕ ಮೈಕಲ್ ಮೂರ್ ಅವರನ್ನು ಪೊಲೀಸರು ಹಿಡಿದರು. ಗದ್ದಲಕ್ಕೆ ಷೇರು ಪೇಟೆಯವರು ತಮ್ಮ ದೊಡ್ಡ ಬಾಗಿಲು ಹಾಕಿಕೊಂಡರು.

ಇಷ್ಟೆಲ್ಲ ಹೇಳಿ ದೊಡ್ಡ ಕಂಪನಿಯ ದುಡ್ಡೇ ತಗೊಂಡರಲ್ಲ?

ತಗೊಂಡರು. ಅವರ ಆಲ್ಬಂ ತಂದ ಎಪಿಕ್ ಸಂಸ್ಥೆ ಸೋನಿಯದು. ನಮ್ಮ ಮಾತು ಹೆಚ್ಚು ಜನಕ್ಕೆ ಮುಟ್ಟಲು ಈ ದಾರಿ ಹಿಡಿದೆವು ಎಂಬುದು ಬ್ಯಾಂಡಿನ ವಾದ. 2009ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನಲ್ಲಿ ಒಂದು ಟಿವಿ ಸ್ಪರ್ಧೆಯ ವಿಜೇತನ ಹಾಡು ಮೊದಲ ಸ್ಥಾನಕ್ಕೆ ಬರುವುದು ಬೇಡ ಎಂದು ಜನ ಹಟ ಹಿಡಿದು, ಹದಿನೇಳು ವರ್ಷ ಹಳೆಯ "ಕಿಲ್ಲಿಂಗ್ ಇನ್ ದ ನೇಮ್" ಕೊಂಡು ಗೆಲ್ಲಿಸಿದರು. ಸೋತ ಹಾಡೂ ಸೋನಿಯದೇ, ಗೆದ್ದ ಹಾಡೂ ಸೋನಿಯದೇ. ಬ್ಯಾಂಡ್ ತನ್ನ ಪಾಲಿನ ಹಣವನ್ನು ಮನೆಯಿಲ್ಲದವರಿಗೆ ದುಡಿಯುವ ಸಂಸ್ಥೆಗೆ ಕೊಟ್ಟಿತು, ಮರುವರ್ಷ ಲಂಡನ್ನಿನಲ್ಲಿ ಪುಕ್ಕಟೆ ಕಛೇರಿ ಮಾಡಿತು. ಇದನ್ನು ಮೆಚ್ಚಬೇಕು, ಆದರೆ ಲೆಕ್ಕ ಚುಕ್ತಾ ಆಯಿತು ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ದಾರಿ ಲಂಡನ್ನಿನ ದ ಕ್ಲ್ಯಾಷ್ ಹಿಡಿದದ್ದು. 1980ರಲ್ಲಿ ಮೂರು ರೆಕಾರ್ಡಿನ ಒಂದು ಆಲ್ಬಂ ತಂದು, ಕಡಿಮೆ ಬೆಲೆಗೆ ಮಾರಲೇಬೇಕೆಂದು ಕೂತು, ಮೊದಲ 2,00,000 ಪ್ರತಿಗಳ ಗೌರವಧನ ಬಿಟ್ಟುಕೊಟ್ಟರು. ನನಗೆ ಇದು ಹೆಚ್ಚು ಹಿಡಿಸುತ್ತದೆ. ಕೇಳುವವರ ಕಿಸೆ ನೋಡಿ ಬೆಲೆ ಇಟ್ಟವರು ಅವರು.

"ಹಾಡಾಕ ಬರತೈತೊ ಇಲ್ಲೊ, ಬರೇ ಒದರತಾರಲ್ಲ?"

ಗದಗದ ವೀರೇಶ್ವರ ಪುಣ್ಯಾಶ್ರಮದ ಅಂಗಳದಲ್ಲಿ ಕಿವಿ ಪಳಗಿಸಿಕೊಂಡ ಹಿರಿಯರೊಬ್ಬರು ಕೇಳಿದ್ದು. ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ, ಬಸವರಾಜ ರಾಜಗುರು ಹಾಡಿದ ನೆಲದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ನಾನು ಅವರಿಗೆ ಮೊರೆಲ್ಲೊ ಗಿಟಾರ್ ಕೇಳಿಸಿದೆ. ತಂತಿಯನ್ನು ಮೀಟುವುದಕ್ಕಿಂತ ಕೈಯಿಂದ ಉಜ್ಜುತ್ತಾರೆ, ಗಿಟಾರಿನ ಮೇಲಿನ ಸಣ್ಣ ಗುಂಡಿಯನ್ನು ಆಚೆಈಚೆ ಟಕಟಕ ಆಡಿಸುತ್ತಾರೆ. ದನಿ ತುಂಡುತುಂಡಾಗಿ, ತಗಡು ಎಳೆದ ಹಾಗೆ ಬರುತ್ತದೆ. "ಇದು ಕಂಪ್ಯೂಟರದ್ದು" ಎಂದರು. ಅಲ್ಲ ರೀ, ಬರೀ ಗಿಟಾರು. ಎಲ್ಲ ದನಿಯೂ ವಾದ್ಯ ಮತ್ತು ಗಂಟಲಿನದೇ ಎಂದು ಅವರು ಆಲ್ಬಂ ಮೇಲೆ ಬರೆದೇ ಕೊಟ್ಟಿದ್ದಾರೆ ಎಂದೆ. ಮತ್ತೆ ಹಾಕಿಸಿದರು. ಮೂರನೆಯ ಸಲ ಕೇಳಿ, "ಹಿಂಗ ಮಾಡಾಕೂ ರಿಯಾಜ್ ಬೇಕಲ್ಲ" ಎಂದಷ್ಟೇ ಅಂದು ಎದ್ದರು. ಅವರಿಗೆ ಇಷ್ಟವಾಗಲಿಲ್ಲ. ಇಷ್ಟವಾಗಲೇಬೇಕೆಂದು ನಾನೂ ಹಟ ಮಾಡಲಿಲ್ಲ.

ಸಂಗೀತದಲ್ಲಿ ರಾಜಕೀಯ ಯಾಕೆ ತರುತ್ತೀರಿ?

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಅಧ್ಯಕ್ಷರು ಗಾಂಧೀಜಿ. ಗದಗದ ಹುಯಿಲಗೋಳ ನಾರಾಯಣರಾಯರು ಬರೆದ "ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು" ಅಲ್ಲಿ ಮೊಳಗಿತು. ಹರಿದು ಹಂಚಿಹೋಗಿದ್ದ ನಾಡು ಒಂದಾಗಲಿ ಎಂಬ ಬೇಡಿಕೆ ಅದು; ಅದಕ್ಕಿಂತ ದೊಡ್ಡ ರಾಜಕೀಯ ಯಾವುದು? ಅದೇ ಅಧಿವೇಶನದಲ್ಲಿ ಹಾಡಿದ ಮಕ್ಕಳಲ್ಲಿ ಧಾರವಾಡದ ಒಬ್ಬ ಹುಡುಗಿ ಇದ್ದಳು. ತನ್ನ ಜಾತಿಯ ಕಾರಣಕ್ಕೆ ಎಲ್ಲಿ ಎಂಜಲೆಲೆ ಎತ್ತಲು ಹೇಳುತ್ತಾರೋ ಎಂಬ ಅಂಜಿಕೆ ಆಗ ತನಗಿತ್ತು ಎಂದು ಆಕೆ ಮುಂದೆ ನೆನಪಿಸಿಕೊಂಡಿದ್ದಾರೆ. ಆಕೆ ಗಂಗೂಬಾಯಿ ಹಾನಗಲ್. ರಾಜಕೀಯವನ್ನು ನಾವು ಹೊರಗಿನಿಂದ ತರುವುದಿಲ್ಲ. ಆ ಹುಡುಗಿ ಬಾಯಿ ತೆರೆಯುವ ಮೊದಲೇ ಅದು ಪಂಕ್ತಿಯಲ್ಲಿ ಕೂತಿತ್ತು.

ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತವರು ಯಾರು?

ತೂಗಿ ನೋಡುವ ಮಾತಲ್ಲ ಇದು. ಚಿಲಿ ದೇಶದ ವಿಕ್ಟರ್ ಹಾರಾ ಅವರನ್ನು 1973ರ ಸೆಪ್ಟೆಂಬರ್‌ನಲ್ಲಿ ಸೈನ್ಯ ಕ್ರೀಡಾಂಗಣದಲ್ಲಿ ಕೂಡಿಹಾಕಿ, ಹಿಂಸಿಸಿ, ಗುಂಡಿಟ್ಟು ಕೊಂದಿತು. ಆ ಕ್ರೀಡಾಂಗಣಕ್ಕೆ ಈಗ ಅವರದೇ ಹೆಸರು. ಆದರೆ ನಾನು ಬಿಡಿಸಿ ಹೇಳಬೇಕೆನ್ನುವುದು ನೈಜೀರಿಯಾದ ಫೆಲಾ ಕುಟಿ ಮತ್ತು ಅವರ ತಾಯಿಯ ಕಥೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಕೂಡಲೇ ತಿಳಿಯುತ್ತದೆ.

ತಾಯಿ ಫುನ್ಮಿಲಾಯೊ ರ‍್ಯಾನ್ಸಮ್ ಕುಟಿ. 1940ರ ದಶಕದಲ್ಲಿ ಅಬೆಯೊಕುಟಾ ಎಂಬ ಊರಿನಲ್ಲಿ ಸಂತೆಯ ಹೆಣ್ಣುಮಕ್ಕಳ ಮೇಲೆ ಕರ ಹೇರಿದ್ದರು. ಈಕೆ ಸಾವಿರಾರು ಹೆಂಗಸರನ್ನು ಕೂಡಿಸಿ ಅಲ್ಲಿನ ಅರಸನ ಅರಮನೆ ಎದುರು ಕೂರಿಸಿದರು. ಅವರು ಕೂತು ಅರಸನ ಮೇಲೆ ಹಾಡು ಕಟ್ಟಿ ಹಾಡಿದರು. 1949ರಲ್ಲಿ ಅರಸ ಗದ್ದುಗೆ ಬಿಟ್ಟು ಇಳಿಯಬೇಕಾಯಿತು.

ಆ ತಾಯಿಯ ಮಗ ತನ್ನ ದೊಡ್ಡ ಬ್ಯಾಂಡ್ ಕಟ್ಟಿಕೊಂಡು ಲಾಗೋಸ್‌ನಲ್ಲಿ ಹಾಡುತ್ತಿದ್ದ. "ಝಾಂಬಿ" ಎಂಬ ಹಾಡಿನಲ್ಲಿ ಸೈನಿಕರನ್ನು, ಹೇಳಿದ್ದನ್ನಷ್ಟೇ ಮಾಡುವ ನಡೆದಾಡುವ ಹೆಣ ಎಂದ. ಕವಾಯತಿನ ಆಜ್ಞೆಗಳನ್ನೇ ತಾಳಕ್ಕೆ ಕೂಡಿಸಿದ್ದ. ಬೀದಿ ಮಕ್ಕಳು ಸೈನಿಕರ ಹಿಂದೆ ಅದನ್ನು ಹಾಡುತ್ತ ಹೆಜ್ಜೆ ಹಾಕಬಹುದಾದಂಥ ಹಾಡು. 1977ರ ಫೆಬ್ರುವರಿ 18ರಂದು ಸುಮಾರು ಸಾವಿರ ಸೈನಿಕರು ಅವನ ಮನೆಗೆ ನುಗ್ಗಿದರು. ಬಡಿದರು, ಹೆಣ್ಣುಮಕ್ಕಳನ್ನು ಕೆಡಿಸಿದರು, ಮನೆ ಸುಟ್ಟರು. ಎಪ್ಪತ್ತು ದಾಟಿದ್ದ ತಾಯಿಯನ್ನು ಮೇಲಿನ ಕಿಟಕಿಯಿಂದ ಕೆಳಗೆ ಎಸೆದರು. ಮರುವರ್ಷ ಆಕೆ ತೀರಿಕೊಂಡರು. ಸರ್ಕಾರಿ ವಿಚಾರಣೆ "ಯಾರೋ ಗೊತ್ತಿಲ್ಲದ ಸೈನಿಕ" ಮಾಡಿದ್ದು ಎಂದು ಕೈ ತೊಳೆದುಕೊಂಡಿತು. ಫೆಲಾ ತಾಯಿಯ ಹೆಸರಿನ ಶವಪೆಟ್ಟಿಗೆಯೊಂದನ್ನು ಸೈನಿಕ ಆಡಳಿತಗಾರನಿದ್ದ ಬ್ಯಾರಕ್ಕಿನ ಬಾಗಿಲಿಗೆ ಒಯ್ದು ಇಟ್ಟ. ಆಮೇಲೆ ಎರಡರ ಮೇಲೂ, ಆ ಗೊತ್ತಿಲ್ಲದ ಸೈನಿಕನ ಮೇಲೂ ಆ ಶವಪೆಟ್ಟಿಗೆಯ ಮೇಲೂ, ಹಾಡು ಕಟ್ಟಿದ.

ಫೆಲಾ ಹೆಂಗಸರ ಬಗ್ಗೆ ಹಾಡಿದ್ದರಲ್ಲಿ ನನಗೆ ಒಪ್ಪದ ಮಾತುಗಳಿವೆ. ತಾಯಿಯ ದೊಡ್ಡತನ ಮಗನಿಗೆ ಪೂರ್ತಿ ಬರಲಿಲ್ಲ. ಅದನ್ನೂ ಹೇಳಿಯೇ ಕೇಳಿಸುತ್ತೇನೆ.

ಹಾಡಿನಿಂದ ಏನಾದರೂ ಬದಲಾಗಿದೆಯೇ?

ನೇರ ಗೆರೆ ಎಳೆಯುವುದು ಕಷ್ಟ. ಎಳೆಯಬಹುದಾದ ಒಂದು ಕಡೆ ಪ್ರಾಗ್. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ಬಂದ ಬೆನ್ನಿಗೇ ಅಲ್ಲಿ ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್ ಎಂಬ ಬ್ಯಾಂಡ್ ಹುಟ್ಟಿತು. ಅವರು ಘೋಷಣೆ ಕೂಗಿದವರಲ್ಲ. ಉದ್ದ ಕೂದಲು ಬಿಟ್ಟು, ತಮಗೆ ಬೇಕಾದ ಸಂಗೀತ ನುಡಿಸಿದರು. ಸರ್ಕಾರ ಪರವಾನಗಿ ಕಿತ್ತುಕೊಂಡಿತು. ಅವರು ಹಳ್ಳಿಗಳಲ್ಲಿ ಕದ್ದುಮುಚ್ಚಿ ನುಡಿಸಿದರು. 1976ರಲ್ಲಿ ಜೈಲಿಗೆ ಹಾಕಿದರು. ಆ ವಿಚಾರಣೆ ನೋಡಿದ ನಾಟಕಕಾರ ವಾಸ್ಲಾವ್ ಹಾವೆಲ್ ಮತ್ತು ಗೆಳೆಯರು, ಇವತ್ತು ಇವರ ಸಂಗೀತ, ನಾಳೆ ಎಲ್ಲರ ಬಾಯಿ ಎಂದು ಕಂಡುಕೊಂಡು 1977ರ ಜನವರಿಯಲ್ಲಿ ಚಾರ್ಟರ್ 77 ಎಂಬ ಹಕ್ಕೊತ್ತಾಯ ಹೊರಡಿಸಿದರು. 1989ರ ಡಿಸೆಂಬರ್‌ನಲ್ಲಿ ಹಾವೆಲ್ ಆ ದೇಶದ ಅಧ್ಯಕ್ಷರಾದರು.

ಹಾಡಿನ ಅರ್ಥ ತಿರುಚಿದರೆ?

ತಿರುಚುತ್ತಾರೆ. ವಿಯೆಟ್ನಾಂನಿಂದ ಮರಳಿ ಕೆಲಸ ಸಿಗದೆ ಅಲೆಯುವ ಸಿಪಾಯಿಯ ಕಥೆ ಹೇಳುವ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ "ಬಾರ್ನ್ ಇನ್ ದ ಯುಎಸ್‌ಎ" ದೇಶದ ಜಯಜಯಕಾರ ಎಂದು ಎಷ್ಟೋ ಮಂದಿ ಕುಣಿದರು. 1984ರ ಚುನಾವಣೆಯಲ್ಲಿ ಅಧ್ಯಕ್ಷ ರೇಗನ್ ಸ್ಪ್ರಿಂಗ್‌ಸ್ಟೀನ್ ಹಾಡುಗಳನ್ನು ಭರವಸೆಯ ಹಾಡುಗಳೆಂದು ಹೊಗಳಿದರು. ಪಲ್ಲವಿಯಾದ ಸೊಲ್ಲು ಮಾತ್ರ ಕೇಳಿ, ಕಥೆ ಹೇಳುವ ನುಡಿ ಬಿಟ್ಟರೆ ಹೀಗಾಗುತ್ತದೆ.

ನಮ್ಮ ದೇಶದಲ್ಲಿ ಇಂದು ಯಾರಿದ್ದಾರೆ?

ದಿಲ್ಲಿಯ ಇಂಡಿಯನ್ ಓಷನ್ ನರ್ಮದೆಯ ಹಾಡನ್ನು ಹಾಡಿತು. ಬೆಂಗಳೂರಿನ ಸ್ವರಾತ್ಮ ಕಾವೇರಿ ಜಗಳವನ್ನು ನದಿಯ ಕಡೆಯಿಂದ ನೋಡಿತು. ಪುಣೆಯ ಕಬೀರ್ ಕಲಾ ಮಂಚ್ 2002ರ ಗುಜರಾತ್ ಗಲಭೆಯ ನಂತರ ಹುಟ್ಟಿ ಜಾತಿ, ದುಡಿಮೆಯ ಹಾಡು ಹಾಡಿ ಜೈಲನ್ನೂ ಕಂಡಿತು. 2018ರ ಜನವರಿಯಲ್ಲಿ ಚೆನ್ನೈನಲ್ಲಿ ವೇದಿಕೆ ಹತ್ತಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಬಗ್ಗೆ ನಾನು ಹೆಚ್ಚು ಹೇಳುತ್ತೇನೆ, ಏಕೆಂದರೆ ಅವರ ಕೈಯಲ್ಲಿರುವ ಪರೈ ನಮ್ಮ ಹಲಗಿಯ ಅಕ್ಕ. ಹೆಸರು ಬಂದದ್ದು ಜಾತಿಯ ವಿರುದ್ಧ ಬರೆದ ತಮಿಳು ಚಿಂತಕ ಅಯೋತಿದಾಸ ಪಂಡಿತರು ಬಳಸಿದ "ಜಾತಿಯಿಲ್ಲದ ತಮಿಳರು" ಎಂಬ ಮಾತಿನಿಂದ.

ಹಲಗಿಯನ್ನು ನಮ್ಮ ಊರುಗಳಲ್ಲಿ ಯಾರು ಬಾರಿಸುತ್ತಿದ್ದರು, ಎಲ್ಲಿ ನಿಂತು ಬಾರಿಸಬೇಕಿತ್ತು, ಗುಡಿಯ ಒಳಗೋ ಹೊರಗೋ, ಎಲ್ಲರಿಗೂ ಗೊತ್ತು. ಸಾವಿಗೆ, ಜಾತ್ರೆಗೆ ಕರೆದು ಬಾರಿಸಿಕೊಂಡು ನೀರು ಮೇಲಿನಿಂದ ಸುರಿದರು. ಆ ಅವಮಾನಕ್ಕೆ ಬೇಸತ್ತು ಇನ್ನು ಹಲಗಿ ಮುಟ್ಟುವುದಿಲ್ಲ ಎಂದ ದಲಿತ ಯುವಕರು ಬೇಕಾದಷ್ಟು, ಅದೂ ಪ್ರತಿಭಟನೆಯೇ. ಅದೇ ಹಲಗಿಯನ್ನು ಹೋರಾಟದ ಮೆರವಣಿಗೆಯ ಮುಂದಕ್ಕೆ ತಂದವರದ್ದೂ ಪ್ರತಿಭಟನೆಯೇ. ನಮ್ಮ ತಂಡದಲ್ಲಿ ಹಲಗಿ ಹಿಡಿಯುವ ತಮ್ಮನ ಅಪ್ಪ ಹಲಗಿ ಬಿಟ್ಟವರ ಪೈಕಿ, ಮಗ ಅದನ್ನು ಮುಂದಕ್ಕೆ ತಂದವರ ಪೈಕಿ. ಮಗ ವೇದಿಕೆಯ ಮೇಲೆ ನಿಂತು ಬಾರಿಸುವುದನ್ನು ಅಪ್ಪ ಒಮ್ಮೆ ಮಾತ್ರ ನೋಡಲು ಬಂದರು. ಹಿಂದಿನ ಸಾಲಿನಲ್ಲಿ ನಿಂತಿದ್ದರು. ಕೂರಿ ಎಂದರೆ ಕೂರಲಿಲ್ಲ, ಮುಗಿಯುವವರೆಗೆ ಹೋಗಲೂ ಇಲ್ಲ.

ಪರವಾನಗಿ ಬೇಕೇ? ಕೇಸು ಬೀಳುತ್ತದೆಯೇ?

ಮಾತನಾಡುವ, ಶಾಂತವಾಗಿ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ, ಮಿತಿಗಳನ್ನೂ ಹೇಳಿದೆ. ಮೈಕು ಹಚ್ಚುವುದಾದರೆ ಪೊಲೀಸ್ ಪರವಾನಗಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕು ಹಚ್ಚುವಂತಿಲ್ಲ. ಅರ್ಜಿ ಕೊಟ್ಟು, ಮುದ್ರೆ ಬಿದ್ದ ಪ್ರತಿಯನ್ನು ಕಿಸೆಯಲ್ಲೇ ಇಟ್ಟುಕೊಳ್ಳಿ. ಒಂದು ಊರಿನಲ್ಲಿ ಪರವಾನಗಿ ಇದ್ದರೂ ನಮ್ಮ ಮೈಕಿನ ವೈರು ಎಳೆದರು. ಪ್ರತಿ ತೋರಿಸಿದ ಮೇಲೆ ಮತ್ತೆ ಹಚ್ಚಿದರು, ಅಷ್ಟೊತ್ತಿಗೆ ನಾವು ಮೈಕಿಲ್ಲದೆ ಎರಡು ಹಾಡು ಮುಗಿಸಿದ್ದೆವು. ಮನುಷ್ಯರ ಜಾತಿ, ಧರ್ಮ, ಮೈಬಣ್ಣ ಹಿಡಿದು ಹೀಯಾಳಿಸುವ ಸಾಲು ಬೇಡವೇ ಬೇಡ. ಕಾನೂನಿನ ಅಂಜಿಕೆಗಲ್ಲ, ಅದು ನಮ್ಮ ಹಾಡೇ ಅಲ್ಲ ಎಂಬ ಕಾರಣಕ್ಕೆ.

ನಾವೂ ಒಂದು ಮೇಳ ಕಟ್ಟಬೇಕು. ಎಲ್ಲಿಂದ ಶುರು ಮಾಡೋಣ?

ನಿಮ್ಮ ಓಣಿಯ ತಾಪತ್ರಯದಿಂದ. ಬಂಡವಾಳಶಾಹಿ, ಸಾಮ್ರಾಜ್ಯಶಾಹಿ ಎಲ್ಲ ಆಮೇಲೆ.

ನಾವು ಇದನ್ನು ಕಲಿತದ್ದು ಮಹದಾಯಿ ನೀರಿನ ಹೋರಾಟದಲ್ಲಿ. 2015ರ ಜುಲೈನಿಂದ ನರಗುಂದದಲ್ಲಿ ರೈತರು ಧರಣಿ ಕೂತಿದ್ದರು. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಕರದ ವಿರುದ್ಧ ರೈತರು ಎದ್ದು ನಿಂತು, ಗೋಲಿಬಾರಿಗೆ ಎದೆಯೊಡ್ಡಿದ ಊರು ಅದು. ನಾವು ಪೆಂಡಾಲಿಗೆ ಹೋಗಿ ಹೊಸ ಹಾಡು ಹಾಡಿದೆವು. ರೈತನೇ ದೇವರು, ಮಣ್ಣಿನ ಮಗ ಅಂತೆಲ್ಲ ಇತ್ತು. ಜನ ಚಪ್ಪಾಳೆ ತಟ್ಟಿದರು. ಮುಂದೆ ಕೂತಿದ್ದ ಒಬ್ಬ ಮುದುಕಿ ಮಾತ್ರ ತಟ್ಟಲಿಲ್ಲ. ಹಾಡು ಮುಗಿದ ಮೇಲೆ ನನ್ನ ಸೆರಗು ಹಿಡಿದು ಕೂರಿಸಿಕೊಂಡರು.

"ಯವ್ವಾ, ಛಲೋ ಹಾಡಿದಿ. ಆದ್ರ ದೇವ್ರು ಅನಬ್ಯಾಡ. ದೇವ್ರಿಗೆ ಯಾರರ ಸಾಲ ಕೊಡತಾರೇನು? ನಮ್ಮ ಹೊಲದ ಕಾಲುವಿಗೆ ನೀರ ಬಂದು ಎಷ್ಟ್ ದಿನಾ ಆತು ಅಂತ ಹಾಕು. ಹೆಸರಕಾಳು ಒಣಗಿದ್ದು ಹಾಕು. ಸಾಹೇಬ ಕೇಳಿದ್ರ ಅವಂಗ ಉತ್ತರ ಕೊಡಾಕ ಬರಬಾರದು, ಹಂಗ ಹಾಕು."

ಅಲ್ಲೇ ಕೂತು ಬರೆದೆವು. ಕಾಲುವೆಯ ಹೆಸರು, ಒಣಗಿದ ದಿನಗಳ ಲೆಕ್ಕ, ಸೊಸೈಟಿ ಸಾಲದ ಕಂತು, ಮಾರಿದ ಎತ್ತಿನ ಬಣ್ಣ ಕೂಡ. ಪ್ರಾಸಕ್ಕೆಂದು ನಾನು ಎತ್ತಿನ ಬಣ್ಣ ಬದಲಿಸಿದ್ದೆ. ಮುದುಕಿ ಒಪ್ಪಲಿಲ್ಲ, ಪ್ರಾಸವನ್ನೇ ಬದಲಿಸಿದೆ. ಮರುದಿನ ಹಾಡಿದಾಗ ಸೊಲ್ಲು ಎತ್ತಿಕೊಂಡವರು ನಾವು ಏಳು ಮಂದಿ ಅಲ್ಲ, ಪೆಂಡಾಲೇ. ಹಲಗಲಿಯ ಲಾವಣಿಕಾರ ಜೀರಿಗೆ ಬೆಲ್ಲದ ಪಟ್ಟಿ ಯಾಕೆ ಹಾಕಿದ ಎಂದು ನನಗೆ ಪುಸ್ತಕದಿಂದ ತಿಳಿದಿರಲಿಲ್ಲ, ಅವತ್ತು ತಿಳಿಯಿತು.

ಉಳಿದದ್ದು ಕೈಕೆಲಸ. ಗಿಟಾರ್ ಸಾಲದಿದ್ದರೆ ತಾಳ ಸಾಕು. ಹಾಡನ್ನು ನಾಲ್ಕು ನುಡಿಗಿಂತ ಹೆಚ್ಚು ಬೆಳೆಸಬೇಡಿ, ಸೊಲ್ಲು ಎರಡನೆಯ ಸಲಕ್ಕೇ ಜನರ ಬಾಯಿಗೆ ಬರಬೇಕು. ಬೇರೆಯವರ ಹಾಡಾದರೆ ಬರೆದವರ ಹೆಸರು ಹೇಳಿ ಶುರು ಮಾಡಿ.

ಹಲಗಿ ಹಿಡಿಯುವವರಿಗೆ ಒಂದು ಮಾತು. ಜುಲೈ 21ಕ್ಕೆ ಹುತಾತ್ಮ ರೈತರ ನೆನಪಿಗೆ ನರಗುಂದ, ನವಲಗುಂದಕ್ಕೆ ಹೋಗುವಾಗ ಮಳೆಗಾಲ. ತಂಪಿಗೆ ಚರ್ಮ ಸಡಿಲ ಬಿದ್ದು ಹಲಗಿ ಗೋಣಿಚೀಲ ಬಡಿದ ಹಾಗೆ ನುಡಿಯುತ್ತದೆ. ಒಂದು ಹಿಡಿ ಒಣ ಕಣಕಿ, ಹಳೆಯ ಪೇಪರು, ಕಡ್ಡಿಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಒಯ್ಯಿರಿ. ಹಾಡುವ ಹತ್ತು ನಿಮಿಷ ಮೊದಲು ಮರೆಗೆ ಹೋಗಿ ಉರಿ ಮಾಡಿ, ಚರ್ಮದ ಬದಿಯನ್ನು ಉರಿಗೆ ಹಿಡಿದು ಸುತ್ತ ತಿರುಗಿಸುತ್ತ ಇರಿ. ನಡುನಡುವೆ ಬೆರಳಿನಿಂದ ತಟ್ಟಿ ನೋಡಿ. ಟಣ್ ಎಂದ ಕೂಡಲೇ ಉರಿಯಿಂದ ತೆಗೆಯಿರಿ, ಹೆಚ್ಚು ಹೊತ್ತು ಹಿಡಿದರೆ ಸೀಳುತ್ತದೆ.